ಪಿಯರಿಯ ಪದಕಗಳು

ಅಮೆರಿಕದ ನೌಕಾಪಡೆಯ ಅಧಿಕಾರಿ ರಾಬರ್ಟ್ ಪಿಯರಿಗೆ ಬಂದ ಪದಕಗಳ ಪಟ್ಟಿ ಓದುವಾಗ ನನಗೆ ನಮ್ಮ ಮದುವೆಮನೆಗಳ ಮುಯ್ಯಿಯ ಪಟ್ಟಿ ನೆನಪಾಗುತ್ತದೆ. ಮುಗಿಯುವುದೇ ಇಲ್ಲ! ಉತ್ತರ ಧ್ರುವದ ಹಂಬಲದಲ್ಲಿ ಎರಡು ದಶಕ ಸವೆಸಿ, ಎಂಟು ಕಾಲ್ಬೆರಳುಗಳನ್ನು ಹಿಮಕ್ಕೆ ಒಪ್ಪಿಸಿದವನು ಆತ. ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಮೊತ್ತಮೊದಲ ಹಬ್ಬರ್ಡ್ ಪದಕ 1906ರಲ್ಲಿ ಅವನಿಗೇ ಸಂದಿತು. 1909ರ ಏಪ್ರಿಲ್ 6ರಂದು ಧ್ರುವ ಮುಟ್ಟಿದೆ ಎಂದ ಮೇಲಂತೂ ಕೇಳುವುದೇ ಬೇಡ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ವಿಶೇಷ ಚಿನ್ನದ ಪದಕವನ್ನೇ ಮಾಡಿಸಿತು. ಅದನ್ನು ರೂಪಿಸಿದ ಶಿಲ್ಪಿ ಕ್ಯಾಥ್ಲೀನ್ ಸ್ಕಾಟ್. 1912ರಲ್ಲಿ ದಕ್ಷಿಣ ಧ್ರುವದಿಂದ ಹಿಂದಿರುಗುವಾಗ ಹಿಮದಲ್ಲೇ ಪ್ರಾಣಬಿಟ್ಟ ಕ್ಯಾಪ್ಟನ್ ಸ್ಕಾಟನ ಹೆಂಡತಿ ಈಕೆ.

ಪಿಯರಿ ನಿಜಕ್ಕೂ ಧ್ರುವ ಮುಟ್ಟಿದನೇ? ಇಲ್ಲವೆಂದು ಅನುಮಾನಿಸುವವರು ಇಂದು ಬಹಳ. ಆದರೆ ನನ್ನನ್ನು ಕಾಡುವುದು ಅದಲ್ಲ. ಕೊನೆಯ ಹಂತದಲ್ಲಿ ಅವನ ಜೊತೆ ಐವರಿದ್ದರು: ಕಪ್ಪುಜನಾಂಗದ ಮ್ಯಾಥ್ಯೂ ಹೆನ್ಸನ್ ಮತ್ತು ಊಟಾ, ಸೀಗ್ಲೂ, ಎಗಿಂಗ್ವಾ, ಊಕಿಯಾ ಎಂಬ ನಾಲ್ವರು ಇನ್ಯೂಟರು. (ಶಾಲೆಯಲ್ಲಿ ನಾವು ಎಸ್ಕಿಮೋ ಎಂದು ಓದಿದ್ದು ಇವರನ್ನೇ.) ಜಾರುಬಂಡಿ ಕಟ್ಟುವುದು, ನಾಯಿಗಳನ್ನು ಓಡಿಸುವುದು, ಇನ್ಯೂಟರೊಡನೆ ಅವರದೇ ಮಾತಿನಲ್ಲಿ ವ್ಯವಹರಿಸುವುದು, ಎಲ್ಲದಕ್ಕೂ ಹೆನ್ಸನ್ನೇ. ಆದರೂ ಧ್ರುವಕ್ಕೆ ಮುಂಚೆಯೇ ಹಿಂದಿರುಗಿದ ಕ್ಯಾಪ್ಟನ್ ಬಾರ್ಟ್ಲೆಟ್‌ಗೆ ಹಬ್ಬರ್ಡ್ ಪದಕ 1909ರಲ್ಲೇ ಸಿಕ್ಕಿತು. ಹೆನ್ಸನ್‌ಗೆ ಸಿಕ್ಕಿದ್ದು 2000ದಲ್ಲಿ. ಅಷ್ಟರಲ್ಲಿ ಅವನು ತೀರಿಕೊಂಡು 45 ವರ್ಷ! 1944ರಲ್ಲಿ ಅಮೆರಿಕದ ಸಂಸತ್ತು ಆ ಯಾತ್ರೆಯ ಆರು ಮಂದಿಗೆ ಪದಕ ಮಂಜೂರು ಮಾಡಿದಾಗ ಅವನ ಹೆಸರೂ ಇತ್ತೆನ್ನಿ. ನಾಲ್ವರು ಇನ್ಯೂಟರು ಆ ಪಟ್ಟಿಯಲ್ಲಿಲ್ಲ.

ಇನ್ನು ಹೆಂಗಸರ ಮಾತು. ರೂಸ್‌ವೆಲ್ಟ್ ಹಡಗು ಮಂಜಿನಲ್ಲಿ ಸಿಕ್ಕಿ ನಿಂತ ಆ ಚಳಿಗಾಲವಿಡೀ, ಸೂರ್ಯನೇ ಕಾಣದ ಕತ್ತಲಲ್ಲಿ, ಇನ್ಯೂಟ್ ಹೆಂಗಸರು ಕೂತು ತುಪ್ಪಳದ ಉಡುಪು ಹೊಲಿದರು. ಒಂದು ಹೊಲಿಗೆ ಬಿಚ್ಚಿದರೂ ಗಾಳಿ ನುಗ್ಗಿ ಮೈ ಮರಗಟ್ಟುವ ಜಾಗ ಅದು. ಪಿಯರಿಯ ಹೆಂಡತಿ ಜೋಸೆಫೀನ್ 1891ರಲ್ಲೇ ಗಂಡನೊಡನೆ ಗ್ರೀನ್‌ಲ್ಯಾಂಡಿಗೆ ಹೋದವಳು. 1893ರಲ್ಲಿ ಅಲ್ಲೇ ಮಗಳನ್ನು ಹೆತ್ತವಳು. ಮುಂದೊಮ್ಮೆ ಮಗಳನ್ನೂ ಕರೆದುಕೊಂಡು ಗಂಡನನ್ನು ಹುಡುಕಿ ಹೋದಾಗ, ಹಡಗು ಮಂಜಿನಲ್ಲಿ ಸಿಕ್ಕಿಕೊಂಡಿತು. ಅಲ್ಲೇ ಆಕೆಗೆ ಎದುರಾದವಳು ಅಲೆಕಾಸಿನಾ ಎಂಬ ಇನ್ಯೂಟ್ ಹೆಣ್ಣು, ಮಡಿಲಲ್ಲಿ ಪಿಯರಿಯ ಮಗು. ಆ ದಿನಗಳನ್ನು ಜೋಸೆಫೀನ್ ಹೇಗೆ ಕಳೆದಳೋ!

ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿ ಆಕೆಗೂ ಸಾಧನೆಯ ಪದಕ ಕೊಟ್ಟಿತು, 1955ರಲ್ಲಿ. ಆಗ ಆಕೆಗೆ ತೊಂಬತ್ತು ದಾಟಿತ್ತು. ಡಿಸೆಂಬರಿನಲ್ಲಿ ತೀರಿಕೊಂಡಳು.