ಅಡ್ಡಪಲ್ಲಕ್ಕಿ ಮತ್ತು ಪೊಲೀಸ್ ಜೀಪು

“ರೋಡು ನಿಮ್ಮಪ್ಪಂದೇನ್ಲಾ?”

ನಾವು ಮಾಲೇಕಲ್ಲಿನ ಕಡೆಯವರು. ತಿರುಪತಿ ಬೆಟ್ಟದ ತೇರಿಗೆ ಹೋಗಿಬಂದು ಬೆಳೆದವರು. ಈ ಮಾತನ್ನು ಕೇಳದೆ ಗಾಡಿ ಓಡಿಸಲು ಕಲಿತವರು ನಮ್ಮ ಕೇರಿಯಲ್ಲಿ ಯಾರೂ ಇಲ್ಲ. ಕಳೆದ ವರ್ಷ ಒಂದು ಊರಿನ ಸರ್ಕಲ್ಲಿನಲ್ಲಿ ಮತ್ತೆ ಕೇಳಿದೆವು. ಊರಿನ ಹೆಸರು ಬೇಡ, ಆ ಸರ್ಕಲ್ಲು ಎಲ್ಲ ಊರಲ್ಲೂ ಇದೆ. ಗಾಡಿಯ ಮೇಲೆ ಇಬ್ಬರಿದ್ದೆವು, ಹಿಂದೆ ಕೂತವನ ತಲೆಗೆ ಹೆಲ್ಮೆಟ್ ಇರಲಿಲ್ಲ. ತಪ್ಪು ನಮ್ಮದೇ, ಐನೂರು ರೂಪಾಯಿ ಕೊಟ್ಟೆವು. ರಸೀತಿ ಮಿಷಿನ್ನಿಂದ ಹೊರಬರುತ್ತಿದ್ದಾಗಲೇ ಖಾಕಿ ತೊಟ್ಟ ಇಬ್ಬರು ಬರಿತಲೆಯಲ್ಲಿ, ಅದೂ ಒನ್‌ವೇಯಲ್ಲಿ ಎದುರಿನಿಂದ ಬಂದರು. ರಸೀತಿ ಕೊಡುತ್ತಿದ್ದವರು ಅವರಿಗೆ ಸೆಲ್ಯೂಟ್ ಹೊಡೆದರು. “ಸಾರ್, ಅವರಿಗೆ?” ಅಂದೆವು. ಆಗ ಬಂತು ಈ ಮಾತು.

ಬೈಗುಳ ಅಂತ ನುಂಗಿಕೊಂಡು ಬಂದೆವು. ಆದರೆ ಯೋಚಿಸಿ ನೋಡಿದರೆ ಅದೊಂದು ಚರಿತ್ರೆಯ ಪ್ರಶ್ನೆ. ರಸ್ತೆ ಯಾರಪ್ಪಂದು? ನಮ್ಮಪ್ಪ ರಸ್ತೆಗೆ ಜಲ್ಲಿ ಒಡೆದವನು. ಡಾಂಬರಿನ ಡ್ರಮ್ಮಿನ ಹೊಗೆ ಕುಡಿದು ಕೆಮ್ಮು ಹತ್ತಿಸಿಕೊಂಡವನು. ಕೂಲಿಯ ಲೆಕ್ಕದಲ್ಲಿ ನೋಡಿದರೆ ರಸ್ತೆ ನಮ್ಮಪ್ಪಂದೇ. ಓಡಾಡುವ ಲೆಕ್ಕದಲ್ಲಿ ಮಾತ್ರ ಬೇರೆ.

ನಮ್ಮ ಸೀಮೆಯ ಕಲ್ಲುಗಳನ್ನೇ ಕೇಳೋಣ. ಬೇಲೂರು ಹಳೇಬೀಡಿನ ಶಿಲ್ಪ ನೋಡಲು ಬಸ್ಸುಗಟ್ಟಲೆ ಜನ ಬರ್ತಾರೆ, ಪಕ್ಕದಲ್ಲೇ ನಿಂತ ಶಾಸನವನ್ನು ಓದುವವರು ಕಮ್ಮಿ. ಹೊಯ್ಸಳರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಎಂದು ಸುಂಕದ ಹೆಸರುಗಳು ಬರುತ್ತವೆ. ದಾರಿಯಲ್ಲಿ ಹೇರು ಹೊತ್ತು ಹೋಗುವ ಎತ್ತಿಗೆ ಸುಂಕ. ಜೊತೆಗೇ ಇಂಥ ದೇವಸ್ಥಾನಕ್ಕೆ, ಇಂಥವರಿಗೆ ಸುಂಕ ಬಿಟ್ಟಿದೆ ಎಂಬ ದತ್ತಿಯ ಮಾತೂ ಇರುತ್ತದೆ. ರಸ್ತೆಯ ನಿಯಮ ಹುಟ್ಟಿದ ದಿನವೇ ವಿನಾಯಿತಿಯೂ ಹುಟ್ಟಿತು, ಅದನ್ನು ಕಲ್ಲಿನಲ್ಲೇ ಕೆತ್ತಿಸಿದರು.

ಅದಕ್ಕಿಂತ ಕಣ್ಣಿಗೆ ರಾಚುವುದು ಅಡ್ಡಪಲ್ಲಕ್ಕಿ. ಸಾಮಾನ್ಯ ಪಲ್ಲಕ್ಕಿ ದಾರಿಯ ಉದ್ದಕ್ಕೆ ಸಾಗುತ್ತದೆ, ಎದುರಿನಿಂದ ಬಂದವನು ಪಕ್ಕಕ್ಕೆ ಸರಿದು ಹೋಗಬಹುದು. ಅಡ್ಡಪಲ್ಲಕ್ಕಿಯನ್ನು ಬೀದಿಗೆ ಅಡ್ಡಲಾಗಿ ಹೊರುತ್ತಾರೆ. ಬೀದಿಯ ಅಗಲಕ್ಕೂ ಅದೇ. ಬೇರೆ ಯಾವುದೂ ಪಕ್ಕದಲ್ಲಿ ಹಾಯಬಾರದು, ಅದೇ ಅದರ ಮರ್ಯಾದೆ. ಶೃಂಗೇರಿಯ ಗುರುಗಳಿಗೆ ಈ ಮರ್ಯಾದೆ ಇತ್ತೆಂದು ಬ್ರಿಟಿಷರ ಕಾಲದ ಮೈಸೂರು ಗೆಜೆಟಿಯರಿನಲ್ಲೇ ಬರೆದಿದ್ದಾರೆ. ವೀರಶೈವ ಪಂಚಪೀಠದ ಜಗದ್ಗುರುಗಳಿಗೂ ಅಡ್ಡಪಲ್ಲಕ್ಕಿ ಉಂಟು, ಮನುಷ್ಯರ ಹೆಗಲ ಮೇಲೆ ಈ ಮೆರವಣಿಗೆ ಯಾಕೆ ಎಂದು ಬಸವಣ್ಣನ ಹೆಸರು ಹೇಳುವವರೇ ಇಂದಿಗೂ ಜಗಳ ತೆಗೆಯುತ್ತಾರೆ. ಒಬ್ಬ ದೊಡ್ಡವನಾಗಬೇಕಾದರೆ ಉಳಿದವರ ದಾರಿ ನಿಲ್ಲಬೇಕು ಎಂಬುದನ್ನು ಇಷ್ಟು ನೇರವಾಗಿ ಹೇಳಿದ ವಾಹನ ಇನ್ನೊಂದಿಲ್ಲ.

ಇನ್ನು ಬೋರ್ಡು ಹಾಕದ ಕಾನೂನು. ಊರೊಳಗೆ ಬರುವಾಗ ಚಪ್ಪಲಿ ಕೈಗೆ ತಕ್ಕೊಳ್ಳಬೇಕು, ಸೈಕಲ್ ಇದ್ದರೆ ಇಳಿದು ತಳ್ಳಬೇಕು. ನಮ್ಮ ತಾತಂದಿರು ಅದನ್ನು ನಡೆದು ತೋರಿಸಿದವರು. 1929ರಲ್ಲಿ ಚಾಳೀಸಗಾಂವಿನಲ್ಲಿ ಟಾಂಗಾದವನು ಬಾಬಾಸಾಹೇಬರನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ಗಾಡಿ ಬಾಡಿಗೆಗೆ ಕೊಟ್ಟ, ಲಗಾಮು ಹಿಡಿಯಲಿಲ್ಲ. ಓಡಿಸಿ ಅಭ್ಯಾಸವಿಲ್ಲದ ಕೇರಿಯವನೊಬ್ಬ ಹಿಡಿದ. ಸೇತುವೆಯ ಮೇಲೆ ಚಕ್ರ ಕಲ್ಲಿಗೆ ಸಿಕ್ಕಿ ಬಾಬಾಸಾಹೇಬರು ಕೆಳಕ್ಕೆ ಬಿದ್ದರು, ಕಾಲು ಮುರಿಯಿತು. ಬ್ಯಾರಿಸ್ಟರನ ಜೀವಕ್ಕಿಂತ ಟಾಂಗಾದವನ ಜಾತಿ ಮರ್ಯಾದೆ ದೊಡ್ಡದಾಗಿತ್ತು.

ಬ್ರಿಟಿಷರು 1861ರಲ್ಲಿ ಪೊಲೀಸ್ ಕಾಯ್ದೆ ತಂದರು. 1857ರ ದಂಗೆ ಆಗಿ ನಾಲ್ಕೇ ವರ್ಷ. ಬೀದಿಯಲ್ಲಿ ಜನ ಹೇಗೆ ನಡೆಯಬೇಕು, ಮೆರವಣಿಗೆ ಎಲ್ಲಿ ಹೋಗಬೇಕು ಎಂದು ಹೇಳುವ ಅಧಿಕಾರ ಖಾಕಿಗೆ ಬಂತು. ಆಮೇಲೆ ಮೋಟಾರು ಬಂತು, ಅದಕ್ಕೆ 1914, 1939, 1988 ಹೀಗೆ ಮೂರು ಕಾಯ್ದೆ. ಪಲ್ಲಕ್ಕಿ ಹೋಗಿ ಕೆಂಪು ಗೂಟದ ಕಾರು ಬಂತು. ಆ ಕೆಂಪು ದೀಪ ಕಳಚಲು 2017ರ ಮೇ 1 ಬರಬೇಕಾಯಿತು.

ಈಗ ಕಾನೂನು ಏನು ಹೇಳುತ್ತೆ? ಓದಿದವರು ನಾವು, ನಾವಾದರೂ ಪುಸ್ತಕ ಬಿಚ್ಚಿ ನೋಡಬೇಕು. ತುರ್ತು ಕೆಲಸಕ್ಕೆ ಹೋಗುವ ಅಗ್ನಿಶಾಮಕ, ಆಂಬುಲೆನ್ಸ್, ಪೊಲೀಸ್ ವಾಹನಗಳಿಗೆ ಕೆಂಪು ದೀಪ ದಾಟುವ ಅವಕಾಶ ಉಂಟು, ಅದೂ ಎಚ್ಚರಿಕೆಯಿಂದ. ಕೊಲೆ ನಡೆಯುತ್ತಿರುವ ಕೇರಿಗೆ ಪೊಲೀಸರು ಸಿಗ್ನಲ್ಲಿನಲ್ಲಿ ಕಾಯುತ್ತಾ ನಿಲ್ಲಲಿ ಎಂದು ನಾವೂ ಹೇಳುವುದಿಲ್ಲ. ನಮ್ಮ ಜನಕ್ಕೆ ಹೊಡೆತ ಬಿದ್ದಾಗ ಅವರು ಬರುವುದೇ ತಡ. ಆದರೆ ಈ ಅವಕಾಶ ತುರ್ತು ಕೆಲಸಕ್ಕೆ ಸೇರಿದ್ದು. ಹೋಟೆಲ್ಲಿಗೆ ಕಾಫಿಗೆ ಹೋಗುವ ಖಾಕಿಗೆ ಅದು ಅನ್ವಯಿಸುವುದಿಲ್ಲ.

2019ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ 210ಬಿ ಕಲಮಿನ ಪ್ರಕಾರ, ಕಾಯ್ದೆ ಜಾರಿ ಮಾಡುವ ಅಧಿಕಾರ ಇರುವವರೇ ಕಾಯ್ದೆ ಮುರಿದರೆ ದಂಡ ಎರಡರಷ್ಟು. ಸಮಾನ ಅಲ್ಲ ಗೆಳೆಯರೇ, ಇಮ್ಮಡಿ! ಹಿಂದೆ ಸುಂಕ ಬಿಟ್ಟಿದೆ ಎಂದು ಕೆತ್ತಿದ್ದ ಜಾಗದಲ್ಲಿ ಈಗ ಎರಡು ಸುಂಕ ಎಂದು ಬರೆದಿದೆ. ನಮ್ಮ ಸರ್ಕಲ್ಲಿನ ಆ ಬರಿತಲೆಗಳು ನಮಗಿಂತ ಎರಡು ಪಟ್ಟು ಕಟ್ಟಬೇಕಿತ್ತು.

ಬೆಂಗಳೂರಿನ ಆರ್.ಟಿ. ನಗರದಲ್ಲಿ 2022ರ ಅಕ್ಟೋಬರಿನಲ್ಲಿ ಅರ್ಧ ಹೆಲ್ಮೆಟ್ ಹಾಕಿದ್ದ ಪೊಲೀಸನಿಗೆ ಟ್ರಾಫಿಕ್ ಪೊಲೀಸರೇ ದಂಡ ಹಾಕಿ ಫೋಟೋ ಬಿಟ್ಟರು. ಜನ ನಕ್ಕರು, ನಾಟಕ ಅಂದರು. ನಮಗೆ ನಗು ಬರಲಿಲ್ಲ. ಸಿಕ್ಕಿಬಿದ್ದವನು ಬೈಕಿನಲ್ಲಿ ಹೋಗುವ ಪೊಲೀಸ್. ಜೀಪಿನ ಹಿಂದಿನ ಸೀಟಿನಲ್ಲಿ ಕೂತವರ ಫೋಟೋ ಯಾಕೆ ಬರಲಿಲ್ಲ?

ಇಲ್ಲಿ ನಮ್ಮ ಕೋಪಕ್ಕೆ ಸ್ವಲ್ಪ ಲಗಾಮು ಬೇಕು. ಸರ್ಕಲ್ಲಿನಲ್ಲಿ ಹೊಗೆ ಕುಡಿಯುತ್ತ ನಿಂತ ಕಾನ್‌ಸ್ಟೇಬಲ್ ಬಹಳ ಸಲ ನಮ್ಮ ಕೇರಿಯ ಹುಡುಗನೇ. ಹೊಲ ಅಡವಿಟ್ಟು ಓದಿಸಿದ ಅಪ್ಪನ ಮಗ. ಅವನು ಪಲ್ಲಕ್ಕಿಯೊಳಗೆ ಕೂತವನಲ್ಲ, ಹೊರುವ ಬೋಯಿ. ಸಾಹೇಬರು “ಒತ್ತಯ್ಯ, ಬೇಗ ಒತ್ತು” ಅಂದರೆ ಜೀಪಿನ ಡ್ರೈವರ್ ಒತ್ತಲೇಬೇಕು. 2024ರ ಡಿಸೆಂಬರ್ 1ರಂದು ಕೆಲಸಕ್ಕೆ ಹಾಜರಾಗಲು ಹಾಸನಕ್ಕೆ ಬರುತ್ತಿದ್ದ ಎಳೆಯ ಐಪಿಎಸ್ ಅಧಿಕಾರಿಯೊಬ್ಬರು ಟೈರು ಸಿಡಿದು ಪೊಲೀಸ್ ಜೀಪಿನಲ್ಲೇ ಸತ್ತರು, ಡ್ರೈವರಿಗೂ ಗಾಯವಾಯಿತು. ಅಲ್ಲಿ ಯಾರ ತಪ್ಪೂ ಇದೆ ಅಂತ ನಾವು ಹೇಳುತ್ತಿಲ್ಲ. ಟೈರು ಹುದ್ದೆ ಕೇಳುವುದಿಲ್ಲ, ಅಷ್ಟೆ.

ಕಾಯ್ದೆ ಮಾಡಿದವರಿಗೂ ಇದು ಗೊತ್ತಿದ್ದಂತಿದೆ. 183ನೇ ಕಲಮು ಮಿತಿಮೀರಿದ ವೇಗಕ್ಕೆ ಓಡಿಸಿದವನನ್ನು ಮಾತ್ರ ಹಿಡಿಯುವುದಿಲ್ಲ. ತನ್ನ ಹತೋಟಿಯಲ್ಲಿರುವವನಿಂದ ಹಾಗೆ ಓಡಿಸಿದವನನ್ನೂ ಹಿಡಿಯುತ್ತದೆ. ಅಂದರೆ ಬೋಯಿಯ ಜೊತೆಗೆ ಪಲ್ಲಕ್ಕಿಯಲ್ಲಿ ಕೂತವನನ್ನೂ. ಈ ಒಂದು ಸಾಲಿನ ಬಗ್ಗೆ ಯಾವ ಠಾಣೆಯ ಗೋಡೆಯ ಮೇಲೂ ಪೋಸ್ಟರ್ ನೋಡಿಲ್ಲ ನಾವು.

ಇನ್ನೊಂದು ಕಡೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೆಲಸಕ್ಕೆ ಪೊಲೀಸರ ಮೇಲೆ ಮೊಕದ್ದಮೆ ಹೂಡಬೇಕಾದರೆ 170ನೇ ಕಲಮಿನಂತೆ ಮೊದಲು ಸರ್ಕಾರದ ಒಪ್ಪಿಗೆ ಬೇಕು. ಹೆಲ್ಮೆಟ್ ಬಿಟ್ಟು ಮನೆಗೆ ಹೋಗುವುದು ಯಾವ ಕರ್ತವ್ಯ?

ಇದು ಬರೀ ಹೆಲ್ಮೆಟ್ಟಿನ ಮಾತಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. 2025ರ ಮೇ 26ರಂದು ನಾಯಿ ಕಚ್ಚಿದ ಮಗುವನ್ನು ಬೈಕಿನಲ್ಲಿ ಮಂಡ್ಯದ ಆಸ್ಪತ್ರೆಗೆ ಕರಕೊಂಡು ಹೋಗುತ್ತಿದ್ದರು ಒಬ್ಬ ಅಪ್ಪ ಅಮ್ಮ. ಹೆಲ್ಮೆಟ್ ತಪಾಸಣೆಗೆ ನಿಂತ ಟ್ರಾಫಿಕ್ ಪೊಲೀಸರು ಅಡ್ಡಹಾಕಿದರು. ಬೈಕು ಬಿತ್ತು, ಹಿಂದಿನಿಂದ ಬಂದ ವಾಹನ ಹರಿಯಿತು. ಮೂರು ವರ್ಷದ ಕೂಸು. ಮೂವರು ಎಎಸ್‌ಐಗಳ ಅಮಾನತಾಯಿತು. ಹೀಗೆ ಏಕಾಏಕಿ ಗಾಡಿ ನಿಲ್ಲಿಸಬೇಡಿ, ಕೀ ಕಿತ್ತುಕೊಳ್ಳಬೇಡಿ ಎಂದು ರಾಜ್ಯದ ಪೊಲೀಸ್ ಮುಖ್ಯಸ್ಥರು ಸೂಚನೆ ಹೊರಡಿಸಿದರು. ಚಲಿಸುತ್ತಿರುವ ಗಾಡಿಗೆ ಅಡ್ಡ ನುಗ್ಗುವುದು ನಾವು ಮಾಡಿದರೆ ಅಪಾಯಕಾರಿ ವರ್ತನೆ, ಅವರು ಮಾಡಿದರೆ ತಪಾಸಣೆ. ಇಷ್ಟು ಕೇಸು ಹಾಕಲೇಬೇಕು ಎಂದು ಎಎಸ್‌ಐಗೆ ಮೇಲಿನಿಂದ ಹೇಳಿದವರು ಯಾರಾದರೂ ಇದ್ದರೇ, ಇದ್ದರೆ ಅವರ ಗತಿಯೇನು ಎಂದು ಕೇಳುವುದು ನಮ್ಮ ಹಕ್ಕು.

ಮೊನ್ನೆ ಬೆಟ್ಟದ ಬುಡದಲ್ಲಿ ಕೂತು ಗೆಳೆಯರು ಸೇರಿ ಮಾಹಿತಿ ಹಕ್ಕಿನ ಅರ್ಜಿ ಬರೆದೆವು. ಹತ್ತು ರೂಪಾಯಿ ಖರ್ಚು. 2019ರ ಸೆಪ್ಟೆಂಬರಿನಿಂದ ಹಾಸನ ಜಿಲ್ಲೆಯಲ್ಲಿ 210ಬಿ ಕಲಮಿನಡಿ ಎಷ್ಟು ಜನ ಪೊಲೀಸರಿಗೆ ದಂಡ ಬಿದ್ದಿದೆ? ಅವರಲ್ಲಿ ಕಾನ್‌ಸ್ಟೇಬಲ್ ಎಷ್ಟು, ಇನ್ಸ್‌ಪೆಕ್ಟರ್ ಎಷ್ಟು, ಅದಕ್ಕೂ ಮೇಲಿನವರು ಎಷ್ಟು? ಜೀಪಿನ ವೇಗಕ್ಕೆ ದಂಡ ಬಿದ್ದಾಗ ಕಟ್ಟಿದವರು ಡ್ರೈವರೋ, ಸಾಹೇಬರೋ? ಮೂವತ್ತು ದಿನದೊಳಗೆ ಉತ್ತರ ಕೊಡಬೇಕು ಅನ್ನುತ್ತೆ ಕಾಯ್ದೆ. ಅರ್ಜಿಯ ಕೊನೆಗೆ ಯಾರ ಸಹಿ ಎಂದು ಯೋಚಿಸುತ್ತಿದ್ದಾಗ ನಮ್ಮಪ್ಪ, “ನಂದಾಕಿ, ಹೆಬ್ಬೆಟ್ಟಾದ್ರೂ ನಡೀತದೆ ತಾನೆ?” ಅಂದ. ಸ್ಯಾಂಪ್ ಪ್ಯಾಡು ತರೋದಕ್ಕೆ ಒಬ್ಬನನ್ನು ಅರಸೀಕೆರೆಗೆ ಕಳಿಸಿದ್ದೇವೆ, ಹೆಲ್ಮೆಟ್ ಹಾಕಿಸಿ.