ಸೆಲ್‌ಗಳಿಗೆ ಬೀಗ ಬಂದ ಬಗೆ

ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯ ತಂತ್ರಾಂಶ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂದಾಗ ಅದರಲ್ಲಿ ಸೆಲ್‌ಗಳನ್ನು (ಅಂಕಿ, ಸೂತ್ರ ತುಂಬುವ ಚೌಕಗಳನ್ನು) ಕಾಯುವ ಆಜ್ಞೆ ಇರಲಿಲ್ಲ. ಒಂದು ಅಂಕಿ ಬದಲಿಸಿದರೆ ಅದನ್ನು ಆಧರಿಸಿದ ಮೊತ್ತಗಳೆಲ್ಲ ತಾವಾಗಿಯೇ ಬದಲಾಗುತ್ತಿದ್ದವು. ಜನ ಮಾರುಹೋದದ್ದು ಈ ಗುಣಕ್ಕೆ, ಅಪಾಯವಿದ್ದದ್ದೂ ಇದರಲ್ಲೇ. ಹಾಳೆಯ ಮೇಲೆ ಕಾಣುವುದು ಉತ್ತರ ಮಾತ್ರ, ಸೂತ್ರ ಅದರ ಹಿಂದೆ ಅಡಗಿರುತ್ತದೆ. ಮೊತ್ತದ ಸೆಲ್‌ನಲ್ಲಿ 4,500 ಎಂದಿದೆ ಎನ್ನೋಣ. ಕೈತಪ್ಪಿ ಯಾರಾದರೂ ಅಲ್ಲೇ 4,800 ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಸೂತ್ರ ಅಳಿದು ಬರಿಯ ಅಂಕಿ ಉಳಿಯುತ್ತದೆ. ಆಮೇಲೆ ಮೇಲಿನ ಸಾಲುಗಳಲ್ಲಿ ಏನೇ ತಿದ್ದಿದರೂ ಆ ಮೊತ್ತ ಕದಲುವುದಿಲ್ಲ. ಶಾಯಿಯಲ್ಲಿ ಬರೆದ ಲೆಕ್ಕದ ಪುಸ್ತಕದಲ್ಲಿ ಹೊಡೆದುಹಾಕಿದ ಗುರುತಾದರೂ ಉಳಿಯುತ್ತಿತ್ತು. ಇಲ್ಲಿ ಅದೂ ಇಲ್ಲ. ತಪ್ಪು ಮೊತ್ತ ಸರಿಯಾದ ಮೊತ್ತದಷ್ಟೇ ಅಚ್ಚುಕಟ್ಟಾಗಿ ಕೂತಿರುತ್ತದೆ.

ಇದಕ್ಕೆ ಮದ್ದು ಬೇಗನೆ ಬಂತು. 1981ರ ಆಸ್‌ಬಾರ್ನ್ 1 ಕಂಪ್ಯೂಟರಿನ ಜೊತೆಗೇ ಸಿಗುತ್ತಿದ್ದ ಸೂಪರ್‌ಕ್ಯಾಲ್ಕ್‌ನಲ್ಲಿ ಪ್ರೊಟೆಕ್ಟ್ ಎಂಬ ಆಜ್ಞೆ ಇತ್ತು. ಮೈಕ್ರೋಸಾಫ್ಟ್ 1982ರಲ್ಲಿ ತಂದ ಮಲ್ಟಿಪ್ಲಾನ್‌ನಲ್ಲಿ ಲಾಕ್ ಎಂಬುದಿತ್ತು. ಹಾಳೆಯ ಸೂತ್ರಗಳಿಗೆಲ್ಲ ಒಟ್ಟಿಗೆ ಬೀಗ ಹಾಕುವ ಸೌಕರ್ಯವೂ ಅದರಲ್ಲಿತ್ತು.

ಇಂದಿಗೂ ಬಳಕೆಯಲ್ಲಿರುವ ಕ್ರಮ ನೆಲೆಗೊಂಡದ್ದು 1983ರ ಲೋಟಸ್ 1-2-3ರಲ್ಲಿ. ಅದರಲ್ಲಿ ಎಲ್ಲ ಸೆಲ್‌ಗಳೂ ಮೊದಲಿನಿಂದಲೇ ರಕ್ಷಿತವೆಂದು ಗುರುತಾಗಿರುತ್ತಿದ್ದವು, ಆದರೆ ಇಡೀ ಹಾಳೆಗೆ ರಕ್ಷಣೆಯನ್ನು ಜಾರಿ ಮಾಡುವವರೆಗೆ ಆ ಗುರುತಿಗೆ ಬೆಲೆಯಿರಲಿಲ್ಲ. ಅಂಕಿ ತುಂಬಬೇಕಾದ ಸೆಲ್‌ಗಳನ್ನು ಮೊದಲು ಬಿಡುಗಡೆ ಮಾಡಿ, ಆಮೇಲೆ ರಕ್ಷಣೆ ಜಾರಿ ಮಾಡಬೇಕು. 1985ರಲ್ಲಿ ಮ್ಯಾಕಿಂಟಾಷ್‌ಗೆ, 1987ರಲ್ಲಿ ವಿಂಡೋಸ್‌ಗೆ ಬಂದ ಎಕ್ಸೆಲ್ ಈ ತಿರುವುಮುರುವು ಕ್ರಮವನ್ನೇ ಹಿಡಿಯಿತು. ಹೊಸದಾಗಿ ಕಲಿಯುವವರು ಒಂದೆರಡು ಸೆಲ್‌ಗೆ ಬೀಗ ಹಾಕಲು ಹೋಗಿ ಇಡೀ ಹಾಳೆಯನ್ನೇ ಮುಚ್ಚಿಕೊಳ್ಳುವುದಕ್ಕೆ ಕಾರಣ ಇದೇ.

ಲೋಟಸ್‌ನ ಈ ರಕ್ಷಣೆಗೆ ಮೊದಲಿಗೆ ಪಾಸ್‌ವರ್ಡ್ ಇರಲಿಲ್ಲ. ಮೆನುವಿಗೆ ಹೋಗಿ ಯಾರು ಬೇಕಾದರೂ ತೆಗೆಯಬಹುದಿತ್ತು. ಕೈತಪ್ಪನ್ನು ತಡೆಯಲು ಅಷ್ಟು ಸಾಕು. ಎಕ್ಸೆಲ್‌ನಲ್ಲಿ ಪಾಸ್‌ವರ್ಡ್ ಸೇರಿದ ಮೇಲೆ ಜನರ ನಿರೀಕ್ಷೆ ಬೇರೆಯಾಯಿತು: ಕೈತಪ್ಪಿಗೆ ಇದ್ದ ಬೀಗವನ್ನು ಕಳ್ಳನಿಗೂ ಸಾಕೆಂದು ನಂಬಿದರು. ಆ ನಂಬಿಕೆಗೆ ಆಧಾರವಿರಲಿಲ್ಲ. ಹಾಳೆಯ ಪಾಸ್‌ವರ್ಡನ್ನು ಎಕ್ಸೆಲ್ ಬಹುಕಾಲ 16 ಬಿಟ್‌ಗಳ ಒಂದು ಸಣ್ಣ ಸಂಖ್ಯೆಯಾಗಿ ಇಳಿಸಿಡುತ್ತಿತ್ತು. ಬೇರೆ ಬೇರೆ ಪಾಸ್‌ವರ್ಡ್‌ಗಳು ಅದೇ ಸಂಖ್ಯೆಗೆ ಇಳಿಯುತ್ತಿದ್ದುದರಿಂದ ಅಸಲಿ ಪದ ಗೊತ್ತಿಲ್ಲದಿದ್ದರೂ, ಸಾಧ್ಯತೆಗಳನ್ನು ಒಂದೊಂದಾಗಿ ತೂರಿಸುವ ಪುಟ್ಟ ಮ್ಯಾಕ್ರೋ ಒಂದು ಸ್ವಲ್ಪ ಹೊತ್ತಿನಲ್ಲೇ ಹಾಳೆ ತೆರೆಯುತ್ತಿತ್ತು.

ಎಕ್ಸೆಲ್ 2013ರಲ್ಲಿ ಇದನ್ನು ಬಿಗಿ ಮಾಡಲಾಯಿತು. ಪಾಸ್‌ವರ್ಡನ್ನು ಎಸ್‌ಎಚ್‌ಎ-512 ವಿಧಾನದಲ್ಲಿ 1,00,000 ಸಲ ಅರೆದು ಇಡುವ ಪದ್ಧತಿ ಬಂತು. ಬೀಗವೇನೋ ಗಟ್ಟಿಯಾಯಿತು, ಬಾಗಿಲ ತಿರುಗಣೆಯ ತಿರುಪುಗಳು ಮಾತ್ರ ಹೊರಗೇ ಉಳಿದವು. 2007ರಿಂದ ಎಕ್ಸೆಲ್ ಕಡತವೆಂದರೆ ಎಕ್ಸ್‌ಎಂಎಲ್ ಕಡತಗಳ ಒಂದು ಜಿಪ್ ಗಂಟು. ಅದನ್ನು ಬಿಚ್ಚಿ, ಹಾಳೆಯ ರಕ್ಷಣೆಯನ್ನು ಸೂಚಿಸುವ ತುಣುಕನ್ನು ಅಳಿಸಿದರೆ ಪಾಸ್‌ವರ್ಡಿನ ಗೊಡವೆಯೇ ಇಲ್ಲದೆ ಎಲ್ಲ ಸೆಲ್‌ಗಳೂ ತೆರೆದುಕೊಳ್ಳುತ್ತವೆ. ಹಾಳೆಯ ರಕ್ಷಣೆ ಭದ್ರತೆಗಾಗಿ ಇರುವುದಲ್ಲವೆಂದು ಮೈಕ್ರೋಸಾಫ್ಟ್ ತನ್ನ ಸಹಾಯ ಪುಟಗಳಲ್ಲಿ ತಾನೇ ಹೇಳುತ್ತದೆ. ಗುಟ್ಟು ಕಾಯಬೇಕಾದರೆ ಇಡೀ ಕಡತವನ್ನು ಗೂಢಲಿಪಿಗೆ ತಿರುಗಿಸುವ, ತೆರೆಯುವಾಗಲೇ ಪಾಸ್‌ವರ್ಡ್ ಕೇಳುವ ಬೇರೆಯೇ ವ್ಯವಸ್ಥೆಯಿದೆ. ಇವೆರಡನ್ನೂ ಒಂದೇ ಎಂದುಕೊಂಡು ಸಂಬಳದ ಪಟ್ಟಿಯನ್ನು ಬರಿಯ ಹಾಳೆಯ ಬೀಗಕ್ಕೆ ಒಪ್ಪಿಸುವವರು ಈಗಲೂ ಇದ್ದಾರೆ.

ಗೂಗಲ್ ಶೀಟ್ಸ್‌ನಂಥ ಜಾಲದ ಹಾಳೆಗಳಲ್ಲಿ ಕಾವಲು ಬಳಕೆದಾರರ ಕಂಪ್ಯೂಟರಿನಿಂದ ಸರ್ವರಿಗೆ ಸರಿಯಿತು. ಇಲ್ಲಿ ಪಾಸ್‌ವರ್ಡ್ ಬದಲು ವ್ಯಕ್ತಿಯನ್ನು ನೋಡಿ ಅನುಮತಿ ಕೊಡಲಾಗುತ್ತದೆ: ಯಾವ ಸೆಲ್‌ಗಳನ್ನು ಯಾರು ತಿದ್ದಬಹುದೆಂದು ಒಡೆಯ ಗೊತ್ತುಮಾಡುತ್ತಾನೆ. ಬೇಕಾದರೆ ತಡೆಯದೆ ಎಚ್ಚರಿಕೆಯನ್ನಷ್ಟೇ ತೋರಿಸುವಂತೆಯೂ ಮಾಡಬಹುದು. ಲೋಟಸ್ ಕಾಲದ ಮೂಲ ಉದ್ದೇಶಕ್ಕೆ ಇದೇ ಹೆಚ್ಚು ಹತ್ತಿರ. ಯಾರು ಯಾವಾಗ ಏನು ತಿದ್ದಿದರೆಂಬ ಇತಿಹಾಸವೂ ಉಳಿಯುವುದರಿಂದ ಅಳಿದ ಸೂತ್ರವನ್ನು ಮರಳಿ ತರಬಹುದು. ಆದರೆ ನಕಲು ಮಾಡುವುದನ್ನು ಒಡೆಯ ತಡೆದಿರದಿದ್ದರೆ, ಹಾಳೆಯನ್ನು ನೋಡಬಲ್ಲವರು ಅದರ ಪ್ರತಿ ತೆಗೆದುಕೊಳ್ಳಬಹುದು. ಆ ಪ್ರತಿಗೆ ಅವರೇ ಒಡೆಯರು, ಅದರ ಯಾವ ಸೆಲ್ಲನ್ನಾದರೂ ಅವರು ತಿದ್ದಬಹುದು.