ರಾಸ್ಪ್‌ಬೆರಿ ಪೈ: ಕಿರು ಗಣಕದಲ್ಲಿ ಮೆಮೊರಿ ಮಿತವ್ಯಯ

ಅಂಗೈ ಅಗಲದ ರಾಸ್ಪ್‌ಬೆರಿ ಪೈ ಗಣಕವು 2012ರ ಫೆಬ್ರುವರಿ 29ರಂದು ಮಾರಾಟಕ್ಕೆ ಬಂದಾಗ ಅದರ ಬೆಲೆ 35 ಡಾಲರ್, ರ್ಯಾಮ್ ಕೇವಲ 256 ಎಂಬಿ. ಅದೇ ಅಕ್ಟೋಬರ್‌ನಲ್ಲಿ ಅದನ್ನು 512 ಎಂಬಿಗೆ ಹೆಚ್ಚಿಸಲಾಯಿತು. ನಂತರ ಹಲವು ಜಿಬಿ ರ್ಯಾಮ್‌ನ ಮಾದರಿಗಳು ಬಂದಿವೆಯಾದರೂ, 2021ರಲ್ಲಿ ಬಿಡುಗಡೆಯಾದ ‘ಝೀರೊ 2 ಡಬ್ಲ್ಯೂ’ ಮಾದರಿಯಲ್ಲಿರುವುದು 512 ಎಂಬಿ ಮಾತ್ರ. ಮೇಜುಗಣಕದಂತೆ ಇದಕ್ಕೆ ಹೆಚ್ಚುವರಿ ರ್ಯಾಮ್ ಜೋಡಿಸಲಾಗದು. ಇರುವುದನ್ನೇ ಹಿತಮಿತವಾಗಿ ಬಳಸುವುದು ಅನಿವಾರ್ಯ.

ಖಾಲಿ ಬೇರೆ, ಲಭ್ಯ ಬೇರೆ

ಪೈನಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಲಿನಕ್ಸ್, ಬಳಕೆಯಾಗದ ರ್ಯಾಮ್‌ನಲ್ಲಿ ಇತ್ತೀಚೆಗೆ ಓದಿದ ಕಡತಗಳನ್ನು ಇಟ್ಟುಕೊಳ್ಳುತ್ತದೆ. ಆದ್ದರಿಂದ ‘ಫ್ರೀ’ ಆದೇಶ ನೀಡಿದಾಗ ಖಾಲಿ ಜಾಗ ಅತ್ಯಲ್ಪವೆಂದು ಕಂಡರೆ ಗಾಬರಿ ಬೇಡ. ಅಗತ್ಯಬಿದ್ದೊಡನೆ ಆ ಜಾಗವನ್ನು ತಂತ್ರಾಂಶಗಳಿಗೆ ಬಿಟ್ಟುಕೊಡಲಾಗುತ್ತದೆ. ಗಮನಿಸಬೇಕಾದುದು ‘ಅವೈಲಬಲ್’ ಎಂಬ ಅಂಕಣವನ್ನು. ಲಿನಕ್ಸ್ ಕರ್ನಲ್ 2014ರ 3.14ನೇ ಆವೃತ್ತಿಯಿಂದ ಈ ಅಂದಾಜನ್ನು ತಾನೇ ಒದಗಿಸುತ್ತಿದೆ.

ರ್ಯಾಮ್ ತೀರಿದರೆ

ಲಭ್ಯ ಮೆಮೊರಿ ನಿಜಕ್ಕೂ ಮುಗಿದಾಗ ಕರ್ನಲ್, ಚಾಲನೆಯಲ್ಲಿರುವ ಪ್ರಕ್ರಿಯೆಗಳಿಗೆ ಅಂಕ ನೀಡಿ, ಹೆಚ್ಚು ಅಂಕ ಪಡೆದದ್ದನ್ನು ಬಲವಂತವಾಗಿ ನಿಲ್ಲಿಸುತ್ತದೆ. ಹೆಚ್ಚು ಮೆಮೊರಿ ಬಳಸಿದ್ದಕ್ಕೆ ಹೆಚ್ಚು ಅಂಕ. ತೋಟದ ಉಷ್ಣಾಂಶ ದಾಖಲಿಸಲು ಇರಿಸಿದ ಸಾಧನದಲ್ಲಿ ದಾಖಲಿಸುವ ತಂತ್ರಾಂಶವೇ ದೊಡ್ಡದಾಗಿದ್ದರೆ ಮೊದಲ ಬಲಿ ಅದೇ. ದೀಪ ಉರಿಯುತ್ತಿರುತ್ತದೆ, ದಾಖಲೆ ನಿಂತಿರುತ್ತದೆ. ಮುಖ್ಯ ಪ್ರಕ್ರಿಯೆಯ ಅಂಕವನ್ನು ಮೈನಸ್ 1000ದಿಂದ 1000ದವರೆಗೆ ಹೊಂದಿಸುವ ಅವಕಾಶವಿದೆ. ಮೈನಸ್ 1000 ಎಂದರೆ ಪೂರ್ಣ ರಕ್ಷಣೆ.

ಉಳಿತಾಯ ಎಲ್ಲಿ?

* ಪರದೆ ಜೋಡಿಸದ ಸಾಧನಕ್ಕೆ ಡೆಸ್ಕ್‌ಟಾಪ್ ಇಲ್ಲದ ‘ಲೈಟ್’ ಆವೃತ್ತಿ ಸಾಕು. ಮೊದಲ ಹಾಗೂ ದೊಡ್ಡ ಉಳಿತಾಯ ಇದೇ.
* ಬ್ಲೂಟೂತ್, ಮುದ್ರಣದಂತಹ ಬೇಡದ ಸೇವೆಗಳು ಗಣಕದೊಂದಿಗೆ ತಾವೂ ಆರಂಭವಾಗದಂತೆ ನಿಷ್ಕ್ರಿಯಗೊಳಿಸಬಹುದು.
* 512 ಎಂಬಿ ಮಾದರಿಗಳಲ್ಲಿ ಗ್ರಾಫಿಕ್ಸ್‌ಗೆ 64 ಎಂಬಿ ಮೀಸಲಿರುತ್ತದೆ. ಇದನ್ನು 16 ಎಂಬಿಗೆ ಇಳಿಸಲು ಸಾಧ್ಯ. ಆದರೆ ಆಗ ಕ್ಯಾಮೆರಾ ಕೆಲಸ ಮಾಡದು.

ಸ್ವಾಪ್: ಎಚ್ಚರ ಅಗತ್ಯ

ರ್ಯಾಮ್‌ನಲ್ಲಿ ಹಿಡಿಸದ ದತ್ತಾಂಶವನ್ನು ಎಸ್‌ಡಿ ಕಾರ್ಡಿಗೆ ಸಾಗಿಸುವ ವ್ಯವಸ್ಥೆಯೇ ಸ್ವಾಪ್. ಕಾರ್ಡ್ ರ್ಯಾಮ್‌ಗಿಂತ ಬಹಳ ನಿಧಾನ. ಮೇಲಾಗಿ ಅದರ ಮೇಲೆ ಬರೆಯಬಹುದಾದ ಬಾರಿಗೂ ಮಿತಿಯಿದೆ. ಪದೇ ಪದೇ ಸ್ವಾಪ್ ಆದರೆ ಕಾರ್ಡ್ ಬೇಗ ಸವೆಯುತ್ತದೆ.

ಇದಕ್ಕೆ ಪರ್ಯಾಯ ‘ಝಡ್‌ರ್ಯಾಮ್’. ಇದು ದತ್ತಾಂಶವನ್ನು ಸಂಕುಚಿಸಿ ರ್ಯಾಮ್‌ನಲ್ಲಿಯೇ ಇಡುತ್ತದೆ. ಪ್ರೊಸೆಸರ್‌ಗೆ ತುಸು ಶ್ರಮ ಹೆಚ್ಚುತ್ತದೆ, ಕಾರ್ಡ್ ಉಳಿಯುತ್ತದೆ. ಆದರೆ ಜೆಪೆಗ್ ಚಿತ್ರಗಳಂತೆ ಮೊದಲೇ ಸಂಕುಚಿತವಾದ ದತ್ತಾಂಶದಲ್ಲಿ ಲಾಭ ಕಡಿಮೆ. ಸ್ವಾಪ್‌ನತ್ತ ಕರ್ನಲ್ ಎಷ್ಟು ಒಲವು ತೋರಬೇಕೆಂಬುದನ್ನು ‘ಸ್ವಾಪಿನೆಸ್’ ಎಂಬ ಅಂಕಿ ನಿರ್ಧರಿಸುತ್ತದೆ. ಕರ್ನಲ್‌ನಲ್ಲಿ ಇದರ ಮೂಲ ಮೌಲ್ಯ 60. ಕಾರ್ಡಿನ ಮೇಲೆ ಸ್ವಾಪ್ ಇದ್ದರೆ ಇದನ್ನು ತಗ್ಗಿಸುವುದು ಲೇಸು.

ಕಾರ್ಡ್ ಉಳಿಸಲೆಂದು ಲಾಗ್ ಕಡತಗಳನ್ನು ರ್ಯಾಮ್‌ನಲ್ಲಿ ಇಡುವ ರೂಢಿಯೂ ಇದೆ. ವಿದ್ಯುತ್ ಹೋದೊಡನೆ ಅವು ಅಳಿಸಿಹೋಗುತ್ತವೆ. ಗಾತ್ರಕ್ಕೆ ಮಿತಿ ವಿಧಿಸದಿದ್ದರೆ ಅವೇ ರ್ಯಾಮ್ ನುಂಗುತ್ತವೆ.

ಅಳೆದು ಬದಲಿಸಿ

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಮೊದಲು ಹಾಗೂ ನಂತರದ ಲಭ್ಯ ಮೆಮೊರಿಯನ್ನು ಗುರುತು ಹಾಕಿಕೊಳ್ಳಬೇಕು. ನಿಜವಾದ ಕೆಲಸದ ಹೊರೆಯೊಂದಿಗೆ ಕೆಲವು ದಿನ ಓಡಿಸಿ ನೋಡಬೇಕು. ಕೆಲಸ ಹೆಚ್ಚದಿದ್ದರೂ ಯಾವುದಾದರೊಂದು ಪ್ರಕ್ರಿಯೆಯ ಬಳಕೆ ದಿನೇ ದಿನೇ ಏರುತ್ತಿದ್ದರೆ ಅದು ಮೆಮೊರಿ ಸೋರಿಕೆಯ ಲಕ್ಷಣ. ಕಾರ್ಯಾಚರಣ ವ್ಯವಸ್ಥೆಯಲ್ಲಿ ಎಷ್ಟೇ ಉಳಿಸಿದರೂ ಅದು ಕುಸಿತವನ್ನು ಕೆಲ ದಿನ ಮುಂದೂಡೀತೇ ಹೊರತು ತಪ್ಪಿಸದು. ಅಲ್ಲಿ ದುರಸ್ತಿಯಾಗಬೇಕಾದುದು ತಂತ್ರಾಂಶವೇ.